ದೂರದ ಕಡತವೂ ಅವಸರದ ಒಪ್ಪಿಗೆಯೂ

ಕಡತಗಳನ್ನು ಜಾಲದ ಮೂಲಕ ಬೇರೊಂದು ಗಣಕಯಂತ್ರದಲ್ಲಿ ಇರಿಸುವ ಪದ್ಧತಿ ನಮ್ಮ ಕಾಲೇಜುಗಳ ಪ್ರಯೋಗಾಲಯಗಳಿಗೂ ಬಂದಿದೆ. ಕಡತವು ನಿಧಾನವಾಗಿ ಬಂದೊಡನೆ, ಎಲ್ಲಿಯೋ ಕಂಡ ಸಂಖ್ಯೆಗಳನ್ನು ಕಾರ್ಯಾಚರಣ ವ್ಯವಸ್ಥೆಯ ಏರ್ಪಾಡುಗಳಲ್ಲಿ ತುಂಬಿ ವೇಗವನ್ನು ನಿರೀಕ್ಷಿಸುವವರು ಅನೇಕರು. ಭೌತವಿಜ್ಞಾನದ ವಿದ್ಯಾರ್ಥಿಯಾದರೋ ಮೊದಲು ಲೆಕ್ಕ ಹಾಕಬೇಕು.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ದಿಲ್ಲಿಗೆ ಎಳೆಯ ಉದ್ದ 2,000 ಕಿಲೋಮೀಟರ್ ಎಂದು ಹಿಡಿದರೆ, ಹೋಗಿ ಬರುವುದಕ್ಕೆ 20 ಮಿಲಿಸೆಕೆಂಡ್ ಬೇಕೇ ಬೇಕು. ಯಾವ ಏರ್ಪಾಡೂ ಇದನ್ನು ಕಡಮೆ ಮಾಡಲಾರದು. ಟಿಸಿಪಿ ಎಂಬ ಸಂವಹನ ನಿಯಮದಂತೆ, ಕಳುಹಿಸುವ ಯಂತ್ರವು ಒಂದು ಮಿತಿಯಷ್ಟನ್ನು ಕಳುಹಿಸಿ, 'ತಲುಪಿತು' ಎಂಬ ಮರುತ್ತರಕ್ಕಾಗಿ ಕಾಯಬೇಕು. ಮೂಲ ನಿಯಮದಲ್ಲಿ ಆ ಮಿತಿ 65,535 ಬೈಟುಗಳನ್ನು ಮೀರುವಂತಿರಲಿಲ್ಲ. 20 ಮಿಲಿಸೆಕೆಂಡಿಗೊಮ್ಮೆ ಇಷ್ಟೆಂದರೆ, ಸೆಕೆಂಡಿಗೆ ಸುಮಾರು 2 ಕೋಟಿ 60 ಲಕ್ಷ ಬಿಟ್. ದಾರಿಯು 100 ಕೋಟಿ ಬಿಟ್ ಹೊರಬಲ್ಲುದಾದರೂ ಬಹುಪಾಲು ಬರಿದಾಗಿಯೇ ಇರುತ್ತದೆ! ಅದನ್ನು ತುಂಬಲು 25 ಲಕ್ಷ ಬೈಟುಗಳ ಮಿತಿ ಬೇಕು. 1992ರ ತಿದ್ದುಪಡಿ ಇಂತಹ ಹಿಗ್ಗುವಿಕೆಗೆ ಎಡೆಗೊಟ್ಟಿತು. ಈಗಿನ ಲಿನಕ್ಸ್ ವ್ಯವಸ್ಥೆಯು, ನಾವು ನಿಗದಿಮಾಡಿದ ಗರಿಷ್ಠದೊಳಗೆ, ತಾನಾಗಿಯೇ ಮಿತಿಯನ್ನು ಹಿಗ್ಗಿಸಿಕೊಳ್ಳುತ್ತದೆ. ಆದರೆ ಸರ್ವರ್ ಪಕ್ಕದ ಕೊಠಡಿಯಲ್ಲಿದ್ದು, ಹೋಗಿ ಬರುವ ಕಾಲ 0.2 ಮಿಲಿಸೆಕೆಂಡ್ ಮಾತ್ರವಾದರೆ, 25,000 ಬೈಟುಗಳೇ ಸಾಕು. ಅಲ್ಲಿ ದೊಡ್ಡ ಸಂಖ್ಯೆಯಿಂದ ಲಾಭವೇನು?

ಈ ಏರ್ಪಾಡಿನಲ್ಲಿ ತಪ್ಪಿದರೂ ದೊಡ್ಡ ಹಾನಿಯಿಲ್ಲ. ನನ್ನ ಆಕ್ಷೇಪವಿರುವುದು ಇನ್ನೊಂದರ ಮೇಲೆ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ರೂಪಿಸಿದ ಎನ್‌ಎಫ್‌ಎಸ್ ಪದ್ಧತಿಯ ಎರಡನೆಯ ಆವೃತ್ತಿಯಲ್ಲಿ, ಸರ್ವರ್ ಡಿಸ್ಕಿನ ಮೇಲೆ ಬರೆದ ಅನಂತರವೇ 'ಬರೆದಾಯಿತು' ಎನ್ನಬೇಕಾಗಿತ್ತು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ 8 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುವುದರಿಂದ ಇದು ನಿಧಾನವೆಂಬುದು ನಿಜ. 1995ರ ಮೂರನೆಯ ಆವೃತ್ತಿ ಪ್ರಾಮಾಣಿಕವಾದ ಪರಿಹಾರವನ್ನು ಕಂಡುಕೊಂಡಿತು: ಅನೇಕ ತುಣುಕುಗಳನ್ನು ಒಟ್ಟಿಗೆ ಕಳುಹಿಸಿ, ಕೊನೆಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳುವುದು, ಅಲ್ಲಿಯವರೆಗೆ ಕಳುಹಿಸಿದವನು ತನ್ನ ಪ್ರತಿಯನ್ನು ಉಳಿಸಿಕೊಂಡಿರುವುದು.

ಇಷ್ಟಿದ್ದರೂ 'ಅಸಿಂಕ್' ಎಂಬ ಏರ್ಪಾಡನ್ನು ವೇಗದ ಗುಟ್ಟೆಂಬಂತೆ ಹೇಳಿಕೊಡುವವರಿದ್ದಾರೆ. ಅದನ್ನಿಟ್ಟರೆ ದತ್ತಾಂಶವು ಸರ್ವರಿನ ಸ್ಮೃತಿಯಲ್ಲಿರುವಾಗಲೇ, ಡಿಸ್ಕನ್ನು ಮುಟ್ಟುವ ಮೊದಲೇ, 'ಬರೆದಾಯಿತು' ಎಂಬ ಉತ್ತರ ಬರುತ್ತದೆ. ಇದು ಪದ್ಧತಿಯ ಉಲ್ಲಂಘನೆಯೆಂದು ಲಿನಕ್ಸಿನ ಕೈಪಿಡಿಯೇ ಒಪ್ಪುತ್ತದೆ. ಆ ಕ್ಷಣದಲ್ಲಿ ಸರ್ವರ್ ನಿಂತುಹೋದರೆ, ವಿದ್ಯಾರ್ಥಿಯು ಹಗಲೆಲ್ಲ ಕುಳಿತು ತೆಗೆದ ಮಾಪನಗಳು ಯಾವ ಎಚ್ಚರಿಕೆಯೂ ಇಲ್ಲದೆ ಮಾಯವಾಗಬಹುದು. ಮತ್ತೆ ಎಣಿಸಿ ಪಡೆಯಬಹುದಾದ ತಾತ್ಕಾಲಿಕ ಕಡತಗಳಿಗೆ ಅಡ್ಡಿಯಿಲ್ಲ. ಪ್ರಯೋಗದ ಮೂಲ ದಾಖಲೆಗಳಿಗೆ ಇದು ಸಲ್ಲದು.

"ನಮ್ಮಲ್ಲಿ ಯುಪಿಎಸ್ ಇದೆಯಲ್ಲ!" ಎಂಬ ಸಮಾಧಾನವನ್ನೂ ಕೇಳಿದ್ದೇನೆ. ವಿದ್ಯುತ್ತು ಇದ್ದಾಗಲೂ ಕಾರ್ಯಾಚರಣ ವ್ಯವಸ್ಥೆಯೇ ಕುಸಿದು ಬೀಳುವುದುಂಟು. ಸ್ಮೃತಿಯಲ್ಲಿದ್ದುದನ್ನು ಆಗ ಯಾವ ಬ್ಯಾಟರಿಯೂ ಉಳಿಸಲಾರದು.