ಹಣ್ಣಿಗಿಂತ ಮೊದಲು ಕಾಗದ ಮಾಗಲಿ

ಶಂಶಾಬಾದ್ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ರಫ್ತು ದಾಖಲೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಾವಿನ ಕಾಲ ಬಂತೆಂದರೆ ಊರಿನಿಂದ ಫೋನುಗಳೂ ಶುರು. ಈ ಸಲ ಕರೆ ಮಾಡಿದ್ದು ಶ್ರೀನಿವಾಸಪುರದ ಚಿಕ್ಕಪ್ಪನ ಮಗ. ‘ಅಣ್ಣಾ, ಬಾದಾಮಿ ಮಾವು ಅಮೆರಿಕಕ್ಕೆ ಕಳಿಸೋಣ ಅಂತಿದ್ದೀನಿ. ವಾಟ್ಸ್ಆ್ಯಪ್‌ನಲ್ಲಿ ಗಿರಾಕಿ ಸಿಕ್ಕಿದ್ದಾನೆ. ಒಡವೆ ಅಡ ಇಟ್ಟಾದ್ರೂ ಒಂದು ಲೋಡು ಹಾಕ್ತೀನಿ’ ಎಂದ. ಅಲ್ಲಿನ ಬೆಲೆಯನ್ನು ವಿಚಾರಿಸಿದ್ದ. ಅಲ್ಲಿನ ಕಾನೂನನ್ನು ವಿಚಾರಿಸಿರಲಿಲ್ಲ.

ಭಾರತದ ಮಾವಿಗೆ ಅಮೆರಿಕ ಬಾಗಿಲು ತೆರೆದದ್ದು 2007ರಲ್ಲಿ, ಅದೂ ಷರತ್ತಿನ ಮೇಲೆ. ಹಣ್ಣಿನೊಳಗಿನ ಕೀಟ ಸಂತತಿ ಬೆಳೆಸದಂತೆ ಕನಿಷ್ಠ 400 ಗ್ರೇ ವಿಕಿರಣ ಕೊಡಿಸಬೇಕು. ಅದು ಮಾನ್ಯತೆ ಪಡೆದ ಘಟಕದಲ್ಲೇ, ಅಮೆರಿಕದ ಕೃಷಿ ಇಲಾಖೆಯ ನಿಗಾದಲ್ಲೇ ನಡೆಯಬೇಕು. ಕೋವಿಡ್‌ನಿಂದಾಗಿ ಅವರ ತಪಾಸಣಾಧಿಕಾರಿಗಳು ಬರಲಾಗದೆ 2020 ಮತ್ತು 2021ರಲ್ಲಿ ರಫ್ತೇ ನಿಂತಿತು. 2025ರ ಮೇ ತಿಂಗಳಲ್ಲಿ ಮುಂಬೈಯಿಂದ ಹೋದ ಸುಮಾರು 15 ಕನ್‌ಸೈನ್‌ಮೆಂಟ್‌ಗಳನ್ನು ದಾಖಲೆಯಲ್ಲಿ ದೋಷವಿದೆಯೆಂದು ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ತಡೆದರು. ವಾಪಸ್ ತರುವ ಖರ್ಚೇ ದೊಡ್ಡದೆಂದು ಅಲ್ಲಿಯೇ ನಾಶಪಡಿಸಬೇಕಾಯಿತು. ಹಣ್ಣು ಕೆಟ್ಟಿರಲಿಲ್ಲ, ಕಾಗದ ಕೆಟ್ಟಿತ್ತು.

ಯುರೋಪಿನ ಲೆಕ್ಕವೇ ಬೇರೆ. ಹಣ್ಣುನೊಣ ಸಿಕ್ಕಿತೆಂದು 2014ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ನಮ್ಮ ಮಾವನ್ನೇ ನಿಷೇಧಿಸಿತ್ತು, ತೆರವಾದದ್ದು ಮರುವರ್ಷ. ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕದ ಶೇಷ ಅಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮೀರುವಂತಿಲ್ಲ. ಅಂದರೆ ಪರೀಕ್ಷೆ ನಡೆಯುವುದು ಬಂದರಿನಲ್ಲಾದರೂ, ಪಾಸು-ಫೇಲು ನಿರ್ಧಾರವಾಗುವುದು ತೋಟದಲ್ಲಿ ಔಷಧಿ ಹೊಡೆಯುವ ದಿನವೇ.

ಹಾಗಾದರೆ ನಮ್ಮಂಥವರಿಗೆ ರಫ್ತು ಬೇಡವೇ? ಮಿಡಿಸೌತೆಯನ್ನು ನೋಡಿ. ನಮ್ಮ ಅಡುಗೆಮನೆಗೆ ಬೇಡದ ಈ ಬೆಳೆ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾಯಿತು. 2022ರ ಹೊತ್ತಿಗೆ ಮಿಡಿಸೌತೆ ರಫ್ತಿನಲ್ಲಿ ಭಾರತ ಜಗತ್ತಿಗೇ ಮೊದಲು. ಬೆಳೆಯುವ ಸಣ್ಣ ರೈತರು ಸುಮಾರು 90,000. ಇಲ್ಲಿ ಕೊಳ್ಳುವವನಿಗೆ ಬೇಕಾದ ಗಾತ್ರ, ಗುಣಮಟ್ಟ ಮೊದಲು ಗೊತ್ತಾಯಿತು, ಬಿತ್ತನೆ ಆಮೇಲೆ ನಡೆಯಿತು. ಮಾವಿನಲ್ಲಿ ನಾವು ಕಾಯಿ ಕಿತ್ತ ಮೇಲೆ ದೇಶ ಹುಡುಕುತ್ತೇವೆ.

ತಮ್ಮನಿಗೆ ಹೇಳಿದ್ದು ಇಷ್ಟೇ. ಆಮದು-ರಫ್ತು ಕೋಡ್ ಮಾಡಿಸು, ಅಪೆಡಾದಲ್ಲಿ ನೋಂದಾಯಿಸು. ವಿಕಿರಣ ಘಟಕ ನಿಮ್ಮ ಜಿಲ್ಲೆಯ ಮಾಲೂರಿನಲ್ಲೇ ಇದೆ, ಒಮ್ಮೆ ಹೋಗಿ ನೋಡು. ಮುಂಗಡವೋ ಬ್ಯಾಂಕಿನ ಎಲ್‌.ಸಿ.ಯೋ ಇಲ್ಲದೆ ಸರಕು ಬಿಡಬೇಡ; ಇ.ಸಿ.ಜಿ.ಸಿ. ವಿಮೆ ಇರಲಿ. ಮೊದಲ ರವಾನೆ ಲಾಭಕ್ಕಲ್ಲ, ಕಲಿಯುವುದಕ್ಕೆ. ಕಳೆದುಕೊಂಡರೂ ತಡೆಯುವಷ್ಟೇ ಕಳಿಸು.

ಹೊರನಾಡಿನ ಬಂದರು, ಕಸ್ಟಮ್ಸ್, ಬ್ಯಾಂಕುಗಳಲ್ಲಿ ಕೆಲಸ ಮಾಡುವ ಕನ್ನಡಿಗರು ನಾವು ಬಹಳ ಮಂದಿ ಇದ್ದೇವೆ. ಊರಿನವರು ಬೆಲೆ ಕೇಳಿದಾಗ ಬೆಲೆಯನ್ನಷ್ಟೇ ಹೇಳಿ ಫೋನ್ ಇಡಬಾರದು. ಆ ದೇಶದ ನಿಯಮವನ್ನೂ ಕೂತು ವಿವರಿಸೋಣ. ನಮಗೆ ಅದು ಅರ್ಧ ಗಂಟೆಯ ಮಾತು, ಅವರಿಗೆ ಮನೆಯ ಒಡವೆ.