ಪೇಟೆಯಿಂದ ಗಿನಿ ಪಿಗ್ ತರುವ ಮುಂಚೆ

ಶಿವಮೊಗ್ಗಕ್ಕೋ ಭದ್ರಾವತಿಗೋ ಹೋದಾಗ ಪೆಟ್ ಅಂಗಡಿಯಲ್ಲಿ ಗಿನಿ ಪಿಗ್ ಕಂಡರೆ ಮಕ್ಕಳು ಹಠ ಹಿಡಿಯುತ್ತವೆ. ಬೊಗಳುವುದಿಲ್ಲ, ಕಚ್ಚುವುದು ಅಪರೂಪ, ನಾಯಿಮರಿಗಿಂತ ಸುಲಭ ಎಂದುಕೊಂಡು ನಾವೂ ತಂದುಬಿಡುತ್ತೇವೆ. ಸಾಕಲು ನನ್ನ ತಕರಾರಿಲ್ಲ. ಏನೂ ಕೇಳದೆ ಕೊಳ್ಳುವುದು, ಏನೂ ಹೇಳದೆ ಮಾರುವುದು, ಇವೆರಡಕ್ಕೂ ನನ್ನ ವಿರೋಧವಿದೆ. ಯಾಕೆಂದರೆ ಅದು ಐದರಿಂದ ಎಂಟು ವರ್ಷ ಬದುಕುವ ಜೀವ.

ಹೆಸರಲ್ಲಿ ಪಿಗ್ ಇದ್ದರೂ ಇದು ಹಂದಿಯಲ್ಲ, ಇಲಿ-ಅಳಿಲಿನ ಬಳಗದ್ದು. ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಮಾಂಸಕ್ಕಾಗಿ ಸಾಕುತ್ತಾ ಬಂದಿದ್ದಾರೆ. ತಂಪು ಸೀಮೆಯ ಈ ಪ್ರಾಣಿಗೆ 27-28 ಡಿಗ್ರಿ ದಾಟಿದರೆ ಕಷ್ಟ ಶುರು. ನಮ್ಮಲ್ಲಿ ಏಪ್ರಿಲ್ ಬಿಸಿಲು 35 ದಾಟುತ್ತದೆ. ಶೀಟಿನ ಮಾಡಿನ ಕೆಳಗೆ ಪಂಜರ ಇಟ್ಟರೆ ಒಂದು ಮಧ್ಯಾಹ್ನದಲ್ಲೇ ಜೀವ ಹೋಗಬಹುದು.

ಊಟದ ವಿಷಯದಲ್ಲಿ ಮಾತ್ರ ಪೇಟೆಯವರಿಗಿಂತ ನಾವೇ ಅನುಕೂಲಸ್ಥರು. ಇದರ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕಾದರೆ ದಿನವಿಡೀ ಹುಲ್ಲು ಮೇಯಬೇಕು. ನಮ್ಮಂತೆಯೇ ಇದರ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ. ಆಹಾರದಲ್ಲಿ ಸಿಗದಿದ್ದರೆ ಕೆಲವೇ ವಾರಗಳಲ್ಲಿ ಕೀಲು ನೋವು ಬಂದು ಓಡಾಟ ನಿಲ್ಲಿಸುತ್ತದೆ. ಅನ್ನ, ಬಿಸ್ಕತ್ತು ಹಾಕಬೇಡಿ. ಗರಿಕೆ, ಕೊತ್ತಂಬರಿ ಸೊಪ್ಪು, ದೊಣ್ಣೆಮೆಣಸಿನಕಾಯಿ, ಆಗಾಗ ಒಂದು ಚೂರು ಸೀಬೆಹಣ್ಣು ಕೊಡಿ. ಕಳೆನಾಶಕ ಹೊಡೆದ ತೋಟದ ಹುಲ್ಲು ಮಾತ್ರ ಬೇಡ.

ಇನ್ನು ಜೋಡಿಯ ಮಾತು. ಇದು ಗುಂಪಿನ ಪ್ರಾಣಿ, ಒಂಟಿಯಾಗಿ ಇಡಬಾರದು, ನಿಜ. ಆದರೆ ಗಂಡು-ಹೆಣ್ಣು ನೋಡದೆ ಎರಡು ತಂದರೆ ವರ್ಷದೊಳಗೆ ಪಂಜರ ತುಂಬುತ್ತದೆ. ಗಬ್ಬ ಎರಡು ತಿಂಗಳಷ್ಟೇ, ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಹುದು. ಹಾಗಾಗಿ ಎರಡೂ ಹೆಣ್ಣೇ ಇರಲಿ. ಹೆಚ್ಚಾದವನ್ನು ತೋಟಕ್ಕೆ ಬಿಟ್ಟರಾಯಿತು ಎನ್ನುವವರಿದ್ದಾರೆ. ಮರ ಹತ್ತಲು ಬಾರದ, ಬಿಲ ತೋಡದ ಪ್ರಾಣಿ ಅದು. ಬೆಕ್ಕು, ಮುಂಗುಸಿ, ಹಾವಿನ ಬಾಯಿಗೆ ಕೊಟ್ಟಂತೆಯೇ. ಹಸಿವು ಬಾಯಾರಿಕೆಯಿಂದ ನರಳುವಂತೆ ಸಾಕುಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಕಾಯಿಲೆ ಬಿದ್ದರೆ ಮನೆಯಲ್ಲಿ ಉಳಿದ ಮಾತ್ರೆ ತಿನ್ನಿಸಬೇಡಿ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿ ಇದರ ಹೊಟ್ಟೆಯನ್ನೇ ಕೆಡಿಸಿ ಕೊಲ್ಲಬಲ್ಲದು. ಅರ್ಧ ದಿನ ಮೇವು ಮುಟ್ಟದಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಇಷ್ಟನ್ನೂ ಕೊಳ್ಳುವವರೇ ಹುಡುಕಿ ತಿಳಿಯಬೇಕೆ? 2018ರ ಪೆಟ್ ಶಾಪ್ ನಿಯಮಗಳಲ್ಲಿ ಗಿನಿ ಪಿಗ್ ಹೆಸರು ಸ್ಪಷ್ಟವಾಗಿದೆ. ಮಾರುವ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಬಿತ್ತನೆ ಬೀಜದ ಚೀಲದ ಮೇಲೆ ವಿವರ ಇರುತ್ತದೆ, ಜೀವ ಮಾರುವಾಗ ಒಂದು ಚೀಟಿಯೂ ಇಲ್ಲವೆಂದರೆ ಹೇಗೆ? ಗಂಡೋ ಹೆಣ್ಣೋ, ಏನು ತಿನ್ನಿಸಬೇಕು, ಎಷ್ಟು ಬಿಸಿಲು ತಡೆಯುತ್ತದೆ, ಯಾರಿಗೆ ತೋರಿಸಬೇಕು ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಪ್ರತಿ ಅಂಗಡಿಯೂ ಕೊಡುವಂತೆ ಪಶುಪಾಲನಾ ಇಲಾಖೆ ನೋಡಿಕೊಳ್ಳಲಿ. ಅಲ್ಲಿಯವರೆಗೆ ದುಡ್ಡು ತೆಗೆಯುವ ಮುಂಚೆ ನಾವೇ ಕೇಳೋಣ. ನೋಂದಣಿ ಪತ್ರ ತೋರಿಸದ, ಗಂಡು-ಹೆಣ್ಣು ಹೇಳಲಾಗದ ಅಂಗಡಿಯಿಂದ ಬರಿಗೈಲಿ ಬಂದರೆ ನಷ್ಟವೇನಿಲ್ಲ. ಮಕ್ಕಳ ಹಠ ಎರಡು ದಿನಕ್ಕೆ ಇಳಿಯುತ್ತದೆ.