ಕಾಮಾಲೆಯ ಮದ್ದು, ಕೃಷ್ಣೆಯ ನೀರು

ಕಾಮಾಲೆಗೆ ಆಸ್ಪತ್ರೆಯಲ್ಲಿ ಔಷಧವಿಲ್ಲ, ನಾಟಿ ಮದ್ದೇ ಗತಿ ಎಂಬ ಮಾತು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಓದಿದವರ ಬಾಯಲ್ಲೂ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿರುವುದರಿಂದಲೇ ಅದು ಹೆಚ್ಚು ಅಪಾಯಕಾರಿ. ಕಣ್ಣು ಹಳದಿಯಾಗುವುದು ಯಕೃತ್ತಿನ, ಅಂದರೆ ಪಿತ್ತಜನಕಾಂಗದ, ತೊಂದರೆಯ ಲಕ್ಷಣ ಮಾತ್ರ. ಅದಕ್ಕೆ ಉರಿಯೂತ ತರುವ ಮುಖ್ಯ ವೈರಸ್‌ಗಳಲ್ಲಿ ಹೆಪಟೈಟಿಸ್ ಎ ಮತ್ತು ಇ ಹೊಲಸು ಬೆರೆತ ನೀರು, ಆಹಾರದಿಂದ ಬರುತ್ತವೆ. ಬಿ ಮತ್ತು ಸಿ ರಕ್ತ ಹಾಗೂ ಸೂಜಿಗಳಿಂದ ಹರಡುತ್ತವೆ, ಬಿ ಲೈಂಗಿಕ ಸಂಪರ್ಕದಿಂದಲೂ ತಾಯಿಯಿಂದ ಮಗುವಿಗೂ ದಾಟುತ್ತದೆ.

ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುವುದರಿಂದ, ಆ ಅವಧಿಯಲ್ಲಿ ಯಾರು ಏನು ಕೊಟ್ಟಿದ್ದರೂ ವಾಸಿಯಾದ ಕೀರ್ತಿ ಅವರಿಗೇ ಸಲ್ಲುತ್ತದೆ. ನಾಟಿ ಮದ್ದುಗಳಲ್ಲಿ ನೆಲನೆಲ್ಲಿಯ ಪರ ವಾದಿಸುವವರನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು: 1988ರಲ್ಲಿ ಮದ್ರಾಸಿನ ಸಂಶೋಧಕರು ಈ ಸಸ್ಯ ಹೆಪಟೈಟಿಸ್ ಬಿ ವೈರಸ್ಸನ್ನು ಹೊರಹಾಕುತ್ತದೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಆದರೆ ಬೇರೆಡೆ ನಡೆದ ಪರೀಕ್ಷೆಗಳು ಆ ಫಲವನ್ನು ದೃಢಪಡಿಸಲಿಲ್ಲ. ಇನ್ನು ಕಾಮಾಲೆ ಇಳಿಯಲೆಂದು ತೋಳಿಗೆ ಬರೆ ಎಳೆಯುವುದು ಚಿಕಿತ್ಸೆಯಲ್ಲ, ಹಿಂಸೆ.

ನಿಜವಾಗಿ ಔಷಧವಿರುವುದು ಬಿ ಮತ್ತು ಸಿ ಸೋಂಕುಗಳಿಗೆ. ಸಿ ಸೋಂಕು ಸುಮಾರು 12 ವಾರಗಳ ಮಾತ್ರೆಯಿಂದ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿಯಲ್ಲಿ ಪೂರ್ಣ ಗುಣವಾಗುತ್ತದೆ. ಬಿ ವೈರಸ್ಸನ್ನು ಟೆನೊಫೊವಿರ್ ಹತೋಟಿಯಲ್ಲಿಡುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇವು ಉಚಿತ. ಹುಟ್ಟಿದ 24 ಗಂಟೆಯೊಳಗೆ ಬಿ ಲಸಿಕೆ ಹಾಕುವುದು ಇದಕ್ಕೂ ಮಿಗಿಲು, ಏಕೆಂದರೆ ಹುಟ್ಟುವಾಗ ಸೋಂಕು ತಗುಲಿದ ಹತ್ತು ಶಿಶುಗಳಲ್ಲಿ ಒಂಬತ್ತಕ್ಕೆ ಅದು ದೀರ್ಘಕಾಲ ಉಳಿಯುತ್ತದೆ.

ಆದರೂ ಈ ಸೀಮೆಯ ಮೊದಲ ಪ್ರಶ್ನೆ ನೀರಿನದು. 2012ರಲ್ಲಿ ಪಕ್ಕದ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಹೆಪಟೈಟಿಸ್ ಇ ಹಬ್ಬಿ ಜೀವಗಳು ಹೋದವು. ಆ ಊರಿನ ಬಳಿ ಹರಿಯುವ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರಿದ ಮೇಲೆ ಅದೇ ಕೃಷ್ಣೆ ಕರ್ನಾಟಕದೊಳಕ್ಕೆ ಬರುತ್ತದೆ. 2019 ಮತ್ತು 2021ರಂತೆ ನೆರೆ ಬಂದಾಗ ನದಿ, ಚರಂಡಿ, ಶೌಚಗುಂಡಿಗಳ ನಡುವಿನ ಗಡಿಯೇ ಅಳಿಸಿಹೋಗುತ್ತದೆ. ಕಬ್ಬು ಕಡಿಯಲು ಬಂದು ಹೊಲದಂಚಿನ ಗುಡಿಸಲಲ್ಲಿ ಇರುವವರಿಗೆ ಕಾಲುವೆಯ ನೀರೇ ಆಸರೆಯಾಗುತ್ತದೆ. ತುಂಬು ಗರ್ಭಿಣಿಗೆ ಇ ಸೋಂಕು ತಗುಲಿದರೆ ನೂರರಲ್ಲಿ 20ರಿಂದ 25 ಮಂದಿಯವರೆಗೆ ಸಾಯಬಹುದು ಎಂಬುದನ್ನು ತಿಳಿದೂ ಇದನ್ನು ಸಣ್ಣ ಕಾಯಿಲೆಯೆನ್ನುವುದು ಅಕ್ಷಮ್ಯ.

ಮೇಲಿನ ಊರುಗಳ ಕೊಳಚೆಯನ್ನು ತಡೆಯುವ ಅಧಿಕಾರ ಇಲ್ಲಿನ ಪಂಚಾಯಿತಿಗಳಿಗಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿ ಅರ್ಧ ಗಂಟೆ ಬಿಟ್ಟು, ಊರ ಕೊನೆಯ ಮನೆಯ ನಲ್ಲಿಯ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಆರ್ಥೊಟಾಲಿಡಿನ್ ದ್ರಾವಣದ ಹನಿ ಬಿಟ್ಟು, ಅದು ಹಳದಿಗೆ ತಿರುಗಿತೇ, ಅಂದರೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ನೀರಗಂಟಿಗೆ ಬೇರೆ ರಾಜ್ಯದ ಅಪ್ಪಣೆ ಬೇಕಾಗಿಲ್ಲ. ಆ ದ್ರಾವಣ ತೀರಿದ ದಿನವೇ ಹೊಸದನ್ನು ತರಿಸಿಕೊಡುವುದು ಪಂಚಾಯಿತಿಯ ಕೆಲಸ. ಗ್ರಾಮಸಭೆಯಲ್ಲಿ ಅದರ ಲೆಕ್ಕ ಕೇಳುವುದು ಆ ನೀರು ಕುಡಿಯುವವರ ಹಕ್ಕು.